ಪಂಖಾ ಇಲ್ಲದ ದೋಣಿ

ಮರ್ದಾನಸಾಬನಿಗೆ ಈಸಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಗೊತ್ತಿಲ್ಲದಿದ್ದರೆ ಮುಂದೆ ಅವನು ಮಾಡಿದ ಕೆಲಸದ ತೂಕ ತಿಳಿಯುವುದಿಲ್ಲ. ತುಂಗಭದ್ರೆಯ ಮೇಲೆ ಅಷ್ಟು ವರ್ಷ ದೋಣಿ ನಡೆಸಿದವನಿಗೆ ಈಸು ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ನಾನೂ ನಂಬದೆ ಒಂದು ದಿನ ಎದುರಿಗೇ ಕೇಳಿದೆ.

"ನಾ ಹೊಳಿ ಮನಷ್ಯಾ ಅಲ್ರಿ ಬಾಯಾರ, ಬಾವಿ ಮನಷ್ಯಾ," ಅಂದ. "ಹಗ್ಗ ಹಿಡಕೊಂಡು ಬಾವಿಗೆ ಇಳದೇನಿ, ಹಗ್ಗ ಹಿಡಕೊಂಡು ಮ್ಯಾಲೆ ಬಂದೇನಿ. ಈಸೂ ಪ್ರಸಂಗನ ಬಂದಿಲ್ಲ."

ಮಾತು ಖರೆ. ಅವನು ಮೂಲತಃ ಬೆಟಗೇರಿಯವನು, ಪಂಪಸೆಟ್ ರಿಪೇರಿ ಅವನ ಕಸುಬು. ಹರ್ತಿ, ಶಿರಹಟ್ಟಿ, ಮುಂಡರಗಿ ಕಡೆ ಅವನು ಇಳಿಯದ ಬಾವಿ ಇಲ್ಲ. ಹೊಳೆದಂಡೆಯ ರೈತರು ಹೊಳೆಗೇ ಪಂಪು ಇಟ್ಟು ನೀರು ಎತ್ತಲು ಸುರು ಮಾಡಿದ ಮೇಲೆ ಕೊರ್ಲಹಳ್ಳಿಗೆ ಬಂದು, ಹೆಂಡತಿ ಸುಗ್ರಾಬಿಯೊಂದಿಗೆ ಅಲ್ಲೇ ಸಂಸಾರ ಹೂಡಿದ. ಕುಳ್ಳ ಮೈಕಟ್ಟು, ಉಗುರಿನ ಸಂದಿಯಲ್ಲಿ ಯಾವಾಗಲೂ ಗ್ರೀಸು, ಮಾತಿಗೆ ಮುಂಚೆ ನಗು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವನಾದರೂ ಅವನನ್ನು ಅವನು ಎಂದೇ ಬರೆಯುತ್ತೇನೆ. ಒಡಹುಟ್ಟಿದವನಂತಿದ್ದವನನ್ನು ಬಹುವಚನದಲ್ಲಿ ಬರೆದರೆ ನನಗೇ ನಗು ಬರುತ್ತದೆ.

ಇನ್ನು ನಾನು ಯಾರು ಅಂದರೆ, ಆ ದೋಣಿಯ ಕಾಯಂ ಗಿರಾಕಿ. ಹೆಸರು ಗುರುಸಿದ್ದವ್ವ, ಊರು ಕಣಗಿನಹಾಳ. ಎಪ್ಪತ್ಮೂರರಲ್ಲಿ ಸರಕಾರಿ ನರ್ಸ್ ಆಗಿ ಕೊರ್ಲಹಳ್ಳಿಗೆ ಬಂದೆ, ಊರವರ ಬಾಯಲ್ಲಿ ನರ್ಸಬಾಯಿ ಆದೆ. ಊರಿನ ಎದುರಿಗೆ ಹೊಳೆಯ ನಡುವೆ ಒಂದು ದೊಡ್ಡ ಗಡ್ಡೆ, ಅದರ ಮೇಲೆ ನಲವತ್ತು ಮನೆ. ಆ ಮನೆಗಳ ಬಸುರಿ ಬಾಣಂತಿಯರು, ಕೂಸುಗಳ ಸೂಜಿಮದ್ದು ಎಲ್ಲ ನನ್ನ ಪಾಲಿಗೆ. ದಾಟಲು ಇದ್ದದ್ದು ಹರಿಗೋಲು. ಹರಿಗೋಲಿನಲ್ಲಿ ಕೂತವರಿಗೆ ಗೊತ್ತು, ಆ ದುಂಡು ಬುಟ್ಟಿ ಮುಂದೆ ಹೋಗುವುದಕ್ಕಿಂತ ಸುತ್ತು ಹೊಡೆಯುವುದೇ ಹೆಚ್ಚು. ಗಡ್ಡೆ ಮುಟ್ಟುವ ಹೊತ್ತಿಗೆ ನನ್ನ ತಲೆಯೂ ಗಿರಗಿರ ತಿರುಗಿ, ಬಾಣಂತಿಗಿಂತ ಮೊದಲು ನನಗೇ ಯಾರಾದರೂ ನಿಂಬೆಹಣ್ಣು ಕೊಡಬೇಕಾಗುತ್ತಿತ್ತು.

ಎಪ್ಪತ್ತೈದರಲ್ಲಿ ಮರ್ದಾನಸಾಬ ಒಂದು ತಗಡಿನ ದೋಣಿ ಮಾಡಿದ. ಗದಗದಲ್ಲಿ ತಗಡು ಬೆಸೆಸಿ, ಲಾರಿಯ ಮೇಲೆ ಹೇರಿಕೊಂಡು ಬಂದು, ರೈತರೊಬ್ಬರು ಮೂಲೆಗೆ ಹಾಕಿದ್ದ ಡೀಸೆಲ್ ಇಂಜಿನ್ನನ್ನು ಜೀವ ಮಾಡಿ ಅದರಲ್ಲಿ ಕೂಡಿಸಿದ. ದೋಣಿಯ ಹಿಂದೆ ನೀರಿನೊಳಗೆ ಮೂರು ಎಲೆಯ ಹಿತ್ತಾಳೆ ಪಂಖಾ. ಪಂಖಾ ತಿರುಗಿ ನೀರನ್ನು ಹಿಂದೆ ತಳ್ಳಬೇಕು, ದೋಣಿ ಮುಂದೆ ಓಡಬೇಕು. ಓಡಿತು. ಮುಕ್ಕಾಲು ತಾಸಿನ ದಾರಿ ಹತ್ತು ನಿಮಿಷಕ್ಕೆ ಇಳಿಯಿತು. ಪಂಚಾಯ್ತಿ ಚೇರಮನ್ ಹುಚ್ಚೀರಪ್ಪನವರು ಕಾಯಿ ಒಡೆದರು. ಮುಂದೆ ಮೂರು ವರ್ಷ ಮರ್ದಾನಸಾಬ ಊರಿನ ಅಳಿಯನಂತೆ ಮೆರೆದ.

ಆ ದೋಣಿಗೆ ನನ್ನಷ್ಟೇ ಕಾಯಂ ಆದ ಇನ್ನೊಬ್ಬಳು ಗದಿಗೆವ್ವ. ಅರವತ್ತು ವರ್ಷ, ಆರು ಎಮ್ಮೆ, ಎರಡೂ ದಂಡೆಗೆ ಕೇಳುವ ಬಾಯಿ. ಗಡ್ಡೆಯ ಮೇಲೆ ಹುಲ್ಲು ಸೊಂಪು. ಹಾಗಾಗಿ ದಿನಾ ಮುಂಜಾನೆ ಅವಳ ಎಮ್ಮೆಗಳು ಈಸಿಕೊಂಡು ಗಡ್ಡೆಗೆ ಹೋಗಿ ಮೇದು, ಸಂಜೆ ಈಸಿಕೊಂಡೇ ಮನೆಗೆ ಬರುತ್ತಿದ್ದವು. ಇದಕ್ಕೊಂದು ಪದ್ಧತಿ ಇತ್ತು. ಹರಿಗೋಲಿನ ಹಿಂಬದಿಯ ಅಂಚಿಗೆ ಗದಿಗೆವ್ವ ಮಡಿಲಲ್ಲಿ ಹಿಂಡಿ ಕಟ್ಟಿಕೊಂಡು ಕೂರಬೇಕು. ಮುಂದಾಳು ಎಮ್ಮೆ ಚಂದ್ರಿ ಹಿಂಡಿಯ ವಾಸನೆ ಹಿಡಿದು, ಮೂತಿಯನ್ನು ಹರಿಗೋಲಿಗೆ ತಾಗಿಸಿಕೊಂಡೇ ಬರಬೇಕು. ಉಳಿದ ಐದೂ ಚಂದ್ರಿಯ ಬೆನ್ನಿಗೆ. ಹಗ್ಗ ಬೇಡ, ಕೋಲು ಬೇಡ.

ಇಂಜಿನ್ ದೋಣಿ ಬಂತು, ಪದ್ಧತಿ ಮಾತ್ರ ಬದಲಾಗಲಿಲ್ಲ. ಗದಿಗೆವ್ವ ಹಿಂದೆಯೇ ಕೂತಳು, ಚಂದ್ರಿ ಹಿಂದೆಯೇ ಬಂದಳು. ಹರಿಗೋಲಿನ ಹಿಂದೆ ಇದ್ದದ್ದು ಬರೀ ನೀರು, ಈ ದೋಣಿಯ ಹಿಂದೆ ತಿರುಗುವ ಪಂಖಾ ಇದೆ ಎಂಬುದು ಇಡೀ ಊರಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಓದಿದವಳು ಎಂದು ಮೂಗು ಎತ್ತಿಕೊಂಡು ತಿರುಗುತ್ತಿದ್ದ ನನಗೂ ಹೊಳೆಯಲಿಲ್ಲ. ದೋಣಿ ಎಮ್ಮೆಗಿಂತ ಜೋರು ಓಡುತ್ತಿದ್ದುದರಿಂದ ಮೂರು ವರ್ಷ ಬಚಾವಾದೆವು.

ಎಪ್ಪತ್ತೆಂಟರ ಏಪ್ರಿಲ್. ಹೊಳೆ ಇಳಿದು ಬಂಡೆಗಳು ಬೆನ್ನು ತೋರಿಸುತ್ತಿದ್ದವು. ಪಂಖಾ ಬಂಡೆಗೆ ಬಡಿದೀತೆಂದು ಮರ್ದಾನಸಾಬ ದೋಣಿಯನ್ನು ಸಾವಕಾಶ ಬಿಟ್ಟಿದ್ದ. ನಾನು ಗದಿಗೆವ್ವನ ಪಕ್ಕದಲ್ಲಿ ಕೂತಿದ್ದೆ. ಚಂದ್ರಿ ಹಿಂಡಿಯ ಆಸೆಗೆ ಹತ್ತಿರ ಹತ್ತಿರ ಬಂದಳು. ದೋಣಿ ಒಮ್ಮೆ ಗಡಗಡ ನಡುಗಿತು. ಚಂದ್ರಿ ಒದರಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಹಿಂದಿನ ನೀರೆಲ್ಲ ಕೆಂಪಾಯಿತು.

ದಂಡೆಗೆ ಎಳೆದು ತಂದಾಗ ಎದೆಯ ಹತ್ತಿರ ಮೊಳದುದ್ದ ಸೀಳಿತ್ತು. ನನ್ನ ಚೀಲದಲ್ಲಿದ್ದ ಸೂಜಿಯಿಂದ ಹೊಲಿಯಲು ಹೋದೆ. ಎಮ್ಮೆಯ ಚರ್ಮಕ್ಕೆ ಎರಡು ಸೂಜಿ ಮುರಿದವು. ಮೂರನೆಯ ದಿನ ಚಂದ್ರಿ ಸತ್ತಳು. ಗದಿಗೆವ್ವ ಅಳಲಿಲ್ಲ, ಬೈಯಲೂ ಇಲ್ಲ. ಅವಳು ಬೈದಿದ್ದರೆ ಎಲ್ಲರಿಗೂ ಹಗುರಾಗುತ್ತಿತ್ತು. ಲಕ್ಷ್ಮೇಶ್ವರದ ಸಂತೆಯಿಂದ ಬೇರೆ ಎಮ್ಮೆ ತಂದುಕೊಡುತ್ತೇನೆ ಎಂದು ಮರ್ದಾನಸಾಬ ಅವಳ ಮನೆಯ ಮುಂದೆ ಹೋಗಿ ನಿಂತಾಗ ಒಂದೇ ಮಾತು ಆಡಿದಳು.

"ನಿನ್ನ ಎಮ್ಮಿ ನನಗ ಬ್ಯಾಡ. ದೋಣಿ ಕೆಳಗ ಕತ್ತಿ ಕಟಗೊಂಡು ನನ್ನ ಕೂಸಿನ್ನ ಹಿಂದ ಕರದೀ ಮರ್ದಾನಾ. ಹೋಗು."

ಚಾವಡಿಯಲ್ಲಿ ಊರು ಕೂಡಿತು. ಇಂಜಿನ್ ದೋಣಿ ಇರಬೇಕೋ ಬೇಡವೋ ಎಂದು ಹುಚ್ಚೀರಪ್ಪನವರು ಬಾಯಿ ತೆರೆಯುವ ಮೊದಲೇ ಮರ್ದಾನಸಾಬ ಎದ್ದು ನಿಂತ.

"ಗದಿಗೆವ್ವ ತನ್ನ ಬಾಯಿಲೆ ಹೂಂ ಅನ್ನೂತನಕ ಈ ದೋಣ್ಯಾಗ ಒಂದು ನರಪಿಳ್ಳಿನೂ ಕೂಡಸೂದಿಲ್ರಿ. ಆಕಿ ಅನ್ನಲಿಲ್ಲಂದ್ರ ತಗಡು ಕಿತ್ತು ಗುಜರಿಗೆ ಹಾಕ್ತೇನಿ. ಇದು ನನ್ನ ಮಾತು."

"ಪಂಚರ ಮಾತೂ ಇದ ಅಂತ ತಿಳಕೋ," ಅಂದರು ಹುಚ್ಚೀರಪ್ಪನವರು.

ನನಗೆ ಮೈಯೆಲ್ಲ ಉರಿಯಿತು. ಗದಿಗೆವ್ವ ಹೂಂ ಅನ್ನುವ ಹೆಂಗಸೇ? ತನ್ನ ಮದುವೆಗಾದರೂ ಹೂಂ ಅಂದಿದ್ದಳೋ ಇಲ್ಲವೋ ಎಂದು ಊರಲ್ಲಿ ಚೇಷ್ಟೆ ಇತ್ತು. ಮರುದಿನದಿಂದ ನಾನು ಮತ್ತೆ ಹರಿಗೋಲಿನಲ್ಲಿ ಗಿರಗಿರ.

ಮರ್ದಾನಸಾಬ ಸುಮ್ಮನೆ ಕೂರಲಿಲ್ಲ. ಮೊದಲು ಪಂಖಾದ ಸುತ್ತ ಕಬ್ಬಿಣದ ಸರಳಿನ ಪಂಜರ ಕಟ್ಟಿದ. ಒಂದೇ ತಾಸಿನಲ್ಲಿ ಹೊಳೆಯ ಜೊಂಡು ಪಂಜರಕ್ಕೆ ಸುತ್ತಿಕೊಂಡು ದೋಣಿ ನಿಂತುಬಿಟ್ಟಿತು. ಪಂಜರ ಬಿಚ್ಚುವಾಗ ಬೆರಳು ಕೊಯ್ದುಕೊಂಡು ನನ್ನ ಹತ್ತಿರ ಪಟ್ಟಿ ಕಟ್ಟಿಸಿಕೊಳ್ಳಲು ಬಂದ. ಪಟ್ಟಿ ಕಟ್ಟುತ್ತಿರುವಾಗ ಒಮ್ಮೆಲೇ ಹೇಳಿದ.

"ಬಾಯಾರ, ಹಿಂದಕ ಹರ್ತ್ಯಾಗ ಒಬ್ಬರ ಪಂಪಿನ ಪೈಪು ಕೈಯಾಗ ಹಿಡಕೊಂಡು ನಿಂತಿದ್ದೆ. ಒಮ್ಮಿಗೇ ನೀರು ಬಂತು ನೋಡ್ರಿ. ನೀರು ಮುಂದ ಹೋತು, ನಾ ಹಿಂದ ಹೋಗಿ ಮೆಣಸಿನಕಾಯಿ ಮಡ್ಯಾಗ ಬಿದ್ದೆ. ಇಷ್ಟು ದಪ್ಪನ ನನ್ನ ನೂಕಿದ ನೀರು ದೋಣಿ ನೂಕೂದಿಲ್ಲೇನ್ರಿ?"

"ಅಂದ್ರ?"

"ಪಂಖಾನ ಬ್ಯಾಡ್ರಿ. ದೋಣಿ ತಳಕ್ಕ ಜಾಳಿಗಿ ಹಾಕಿ, ಅಲ್ಲಿಂದ ಪಂಪಿಲೆ ನೀರು ಎಳದು, ಹಿಂದ ಪೈಪಿಲೆ ಉಗಳಿಸಿಬಿಡೂದು. ತಿರಗೂದು ಏನಿದ್ರೂ ಪಂಪಿನ ಹೊಟ್ಟ್ಯಾಗ ತಿರಗ್ಲಿ."

ಬೆರಳಿನ ಪಟ್ಟಿ ಅರ್ಧಕ್ಕೇ ಬಿಟ್ಟು ಓಡಿದ. ಮುಂದೆ ಆರು ತಿಂಗಳು ಅವನ ಅಂಗಳ ಕಮ್ಮಾರಸಾಲೆ ಆಯಿತು. ದೋಣಿಯನ್ನು ತಿರುಗಿಸಲು ಪೈಪಿಗೆ ಎಡಕ್ಕೂ ಬಲಕ್ಕೂ ಹೊರಳುವ ಮೊಣಕೈ ಮಾಡಿದ. ನಿಲ್ಲಿಸುವುದು ಹೇಗೆ? ಪೈಪಿನ ಬಾಯಿಗೆ ಅಡ್ಡ ಏನಾದರೂ ಇಳಿಬಿಟ್ಟರೆ ನೀರು ಡಿಕ್ಕಿ ಹೊಡೆದು ವಾಪಸು ಮುಂದಕ್ಕೆ ಹೊರಳುತ್ತದೆ, ದೋಣಿ ನಿಲ್ಲುತ್ತದೆ ಎಂದು ಲೆಕ್ಕ ಹಾಕಿ ಸುಗ್ರಾಬಿಯ ಬಾಂಡ್ಲಿಯನ್ನು ತಗೊಂಡು ಹೋದ. ಮಿರ್ಚಿ ಕರಿಯುವ ಬಾಂಡ್ಲಿ ಅದು. ಆ ಮನೆಯಲ್ಲಿ ಮುಂದೆ ಎಷ್ಟೋ ದಿನ ಮಿರ್ಚಿಯ ವಾಸನೆ ಬರಲಿಲ್ಲ, ಸುಗ್ರಾಬಿಯ ಮುಖವೂ ಸರಿ ಇರಲಿಲ್ಲ.

ಪರೀಕ್ಷೆಯ ದಿನ ಹುಚ್ಚೀರಪ್ಪನವರು ಪಂಚರನ್ನು ಕರೆದುಕೊಂಡು ದಂಡೆಗೆ ಬಂದರು. ಎಲ್ಲರೂ ಇಸ್ತ್ರಿ ಮಾಡಿದ ಬಿಳಿ ಅರಿವೆ. ಚೆನ್ನಾಗಿ ಕಾಣಲೆಂದು ಸರಿಯಾಗಿ ದೋಣಿಯ ಹಿಂದೆಯೇ ಸಾಲಾಗಿ ನಿಂತರು. ಗದಿಗೆವ್ವ ದೂರದ ಬಂಡೆಯ ಮೇಲೆ ಮುಖ ತಿರುಗಿಸಿ ಕೂತಳು.

ನಮ್ಮ ಕಡೆ ಪಂಪು ನೀರು ಹಿಡಿಯದಿದ್ದರೆ ಅದರ ಬಾಯಿಗೆ ಸಗಣಿ ನೀರು ಸುರಿಯುವುದು ರೂಢಿ. ಸಂದಿಗಳಿಗೆಲ್ಲ ಸಗಣಿ ಮೆತ್ತಿಕೊಂಡು ಗಾಳಿ ನುಸುಳುವುದು ನಿಲ್ಲುತ್ತದೆ. ದೋಣಿಯ ಪಂಪಿಗೆ ಅದರ ಗರಜು ಇರಲಿಲ್ಲ, ಅದು ನೀರಿನ ಮಟ್ಟಕ್ಕಿಂತ ಕೆಳಗೇ ಕೂತಿತ್ತು. ಆದರೆ ಇಪ್ಪತ್ತು ವರ್ಷ ಪಂಪಿಗೆ ಸಗಣಿ ಕುಡಿಸಿದ ಕೈ ಸುಮ್ಮನಿರುತ್ತದೆಯೇ? ಮರ್ದಾನಸಾಬ ಎರಡು ಕೊಡ ಗಟ್ಟಿ ಸಗಣಿ ನೀರು ಸುರಿದು, ಬಿಸ್ಮಿಲ್ಲಾ ಅಂದು ಇಂಜಿನ್ನಿನ ಹ್ಯಾಂಡಲ್ ತಿರುಗಿಸಿದ.

ಪೈಪು ಒಮ್ಮೆ ಕೆಮ್ಮಿತು, ಆಮೇಲೆ ಉಗುಳಿತು. ಹುಚ್ಚೀರಪ್ಪನವರನ್ನು ತಲೆಯ ಪಟಗದಿಂದ ಧೋತರದ ಅಂಚಿನವರೆಗೆ ಅಂಗಳ ಸಾರಿಸಿದಂತೆ ಸಾರಿಸಿಬಿಟ್ಟಿತು. ಪಂಚರಲ್ಲಿ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ದೋಣಿಯಾದರೂ ಓಡಿತೇ? ನಾಲ್ಕು ಮಾರು ತೆವಳಿ, ಹೊಳೆಯ ಸೆಳವಿಗೆ ಸಿಕ್ಕು ಅಡ್ಡ ತಿರುಗಿತು.

"ದೋಣಿ ಮಾಡೀಯೋ, ಮಾರಿಗೆ ಸಾರ್ಸೂ ಯಂತ್ರಾ ಮಾಡೀಯೋ?" ಎಂದು ಹುಚ್ಚೀರಪ್ಪನವರು ಹೊಳೆಯಲ್ಲೇ ಮುಖ ತೊಳೆಯುತ್ತ ಗುಡುಗಿದರು. "ಇನ್ನ ಬಿಟ್ಟುಬಿಡು ಇದನ್ನ. ಗುಜರಿಗೆ ಹಾಕು!"

ದೂರದ ಬಂಡೆಯ ಮೇಲಿನಿಂದ ಒಂದು ಸದ್ದು ಬಂತು. ಗದಿಗೆವ್ವ ನಗುತ್ತಿದ್ದಳು. ಚಂದ್ರಿ ಸತ್ತ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಆದರೆ ಹೂಂ ಅನ್ನಲಿಲ್ಲ, ಎದ್ದು ಹೋದಳು.

ಮರ್ದಾನಸಾಬ ಒಂದು ವಾರ ಮನೆಯಿಂದ ಹೊರಬೀಳಲಿಲ್ಲ. ಎಂಟನೆಯ ದಿನ ಜ್ವರ ಎಂದು ಸುಗ್ರಾಬಿ ಅವನನ್ನು ನನ್ನ ದವಾಖಾನೆಗೆ ಎಳೆದು ತಂದಳು. ಅವನು ಗೋಡೆ ನೋಡುತ್ತ ಕೂತ. ನಾನು ಗಾಜಿನ ಸಿರಿಂಜನ್ನು ಕುದಿಸಿ ತೆಗೆದು, ಒಳಗಿನ ನೀರು ಹೋಗಲೆಂದು ಒತ್ತಿದೆ. ಸೂಜಿಯಿಂದ ನೀರು ಚಿಮ್ಮಿ ಎದುರು ಗೋಡೆಯ ಕ್ಯಾಲೆಂಡರಿಗೆ ಬಡಿಯಿತು.

"ತಡೀರಿ!" ಎಂದು ಚೀರಿದ. "ಇನ್ನೊಮ್ಮಿ ಒತ್ರಿ. ಆ ಸೂಜಿ ತಗದು ಒತ್ರಿ."

ಸೂಜಿ ತೆಗೆದು ಒತ್ತಿದೆ. ನೀರು ಅಲ್ಲೇ ಕಾಲ ಮೇಲೆ ಬಿತ್ತು. ಸೂಜಿ ಹಾಕಿ ಒತ್ತಿದೆ. ಮತ್ತೆ ಕ್ಯಾಲೆಂಡರು.

"ಪೈಪಿನ ಬಾಯಿ ದೊಡ್ಡದಾಗಿತ್ರಿ ಬಾಯಾರ! ಬಾಯಿ ಸಣ್ಣ ಆದ್ರ ನೀರಿಗೆ ಸಿಟ್ಟು ಬರ್ತೈತಿ!"

ಈ ಸಲವೂ ಚಿಕಿತ್ಸೆ ಮುಗಿಯುವ ಮೊದಲೇ ಓಡಿದ. ಜ್ವರ ಎಲ್ಲಿ ಹೋಯಿತೋ ದೇವರೇ ಬಲ್ಲ. ಆ ದೋಣಿಯಲ್ಲಿ ನನ್ನದೂ ಒಂದು ಪಾಲಿದೆ ಎಂದು ನಾನು ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ. ಯಾರೂ ಕೇಳದಿದ್ದರೂ ಹೇಳುತ್ತೇನೆ.

ಗದಗದ ಲೇಥಿನ ಅಂಗಡಿಯಲ್ಲಿ ಬರಬರುತ್ತ ಸಪೂರವಾಗುವ ಒಂದು ಕಬ್ಬಿಣದ ಬಾಯಿ ಕಡೆಸಿಕೊಂಡು ಬಂದು ಪೈಪಿಗೆ ಹಾಕಿದ. ಎಪ್ಪತ್ತೊಂಬತ್ತರ ಮೇ ಹೊತ್ತಿಗೆ ದೋಣಿ ಬರೀ ಮೊಣಕಾಲುದ್ದ ನೀರಿನಲ್ಲೂ ಬಂಡೆಗಳ ಮೇಲಿಂದ ಜಾರಿಕೊಂಡು ಹೋಗುತ್ತಿತ್ತು. ಪಂಖಾದಷ್ಟು ಜೋರಿಲ್ಲ, ಖರೆ. ಹತ್ತು ನಿಮಿಷದ ದಾರಿ ಹದಿನೈದಾಗಿತ್ತು, ಡೀಸೆಲ್ಲೂ ಹೆಚ್ಚು ಕುಡಿಯುತ್ತಿತ್ತು. ಜಾಳಿಗೆಗೆ ಜೊಂಡು ಸಿಕ್ಕರೆ ಇಂಜಿನ್ನು ನಿಲ್ಲಿಸಿ ಕೈಹಾಕಿ ತೆಗೆಯಬೇಕಿತ್ತು. ಇಷ್ಟನ್ನೂ ಅವನೇ ಎಲ್ಲರಿಗೂ ಹೇಳುತ್ತಿದ್ದ. ಅವನು ಹೇಳದೆ ಕಾಯುತ್ತಿದ್ದದ್ದು ಒಂದೇ, ಗದಿಗೆವ್ವನ ಹೂಂ.

ಅವಳನ್ನು ದಂಡೆಗೆ ಕರೆತಂದವಳು ನಾನು. "ಆಯಿ, ನೋಡಿ ಬ್ಯಾಡ ಅಂದುಬಿಡ್ರಿ, ನನಗೂ ನಿಶ್ಚಿಂತಿ," ಎಂದು ಕೆಣಕಿದೆ. ಬಂದಳು. ದೋಣಿಯನ್ನು ದಂಡೆಗೆ ಎಳೆದು ವಾಲಿಸಿದ್ದರು. ಅವಳು ಮಂಡಿಯೂರಿ ಕೂತು ತಳದುದ್ದಕ್ಕೂ ಅಂಗೈ ಆಡಿಸಿದಳು, ಗಬ್ಬದ ಎಮ್ಮೆಯ ಹೊಟ್ಟೆ ನೋಡುವ ಹಾಗೆ.

"ಕತ್ತಿ ಎಲ್ಲೈತಿ?"

"ಇಲ್ಲ ಯವ್ವಾ."

"ತಿರಗೂದು ಏನೂ ಇಲ್ಲದ ಹೋಗ್ತೈತೇನು? ಎಲ್ಯಾರ ಮುಚ್ಚಿಟ್ಟಿರ್ತೀ."

ಮರ್ದಾನಸಾಬ ದೋಣಿಯನ್ನು ನೀರಿಗೆ ನೂಕಿಸಿ, ಸುಗ್ರಾಬಿಯನ್ನು ಅದರೊಳಗೆ ಕೂಡಿಸಿದ. ಇಂಜಿನ್ನು ಚಾಲೂ ಮಾಡಲು, ಪೈಪು ಹೊರಳಿಸಲು ಅವಳು ಅಷ್ಟರಲ್ಲಿ ಕಲಿತಿದ್ದಳು. ಅವನು ಅಂಗಿ ತೆಗೆದು, ಎದೆಮಟ್ಟದ ನೀರಿಗೆ ಇಳಿದು, ದೋಣಿಯ ಹಿಂಬದಿಯ ಅಂಚನ್ನು ಎರಡೂ ಕೈಯಿಂದ ಹಿಡಿದ. ಸರಿಯಾಗಿ ಚಂದ್ರಿಯ ಎದೆ ಇದ್ದ ಜಾಗ ಅದು.

"ಚಾಲೂ ಮಾಡು," ಅಂದ.

ಮನೆಯಲ್ಲಿ ಉರ್ದು ಮಾತಾಡುವ ಸುಗ್ರಾಬಿ ಊರೆಲ್ಲ ಕೇಳಲೆಂದು ಕನ್ನಡದಲ್ಲೇ ಬೈದಳು. "ನಿಮಗ ಈಸಾಕ ಬರೂದಿಲ್ಲ! ಕೈ ಬಿಟ್ರ ಏನ್ಮಾಡ್ತೀರಿ? ನನ್ನ ಕೈಲೆ ನನ್ನ ಗಂಡನ್ನ ಮುಳಗಸ್ತೀರೇನು?"

"ಹಿಡಕೊಂಡೇನಲ್ಲ. ಮಾಡು."

ಅವಳು ಅಳುತ್ತಲೇ ಹ್ಯಾಂಡಲ್ ತಿರುಗಿಸಿದಳು. ಪೈಪಿನ ಬಾಯಿಂದ ನೀರು ಅವನ ತಲೆಯ ಮೇಲಿಂದ ಹಾರಿತು. ದೋಣಿ ಹೊರಟಿತು, ಅದರ ಹಿಂದೆ ಈಸು ಬಾರದ ಮರ್ದಾನಸಾಬ ಜೋತುಬಿದ್ದುಕೊಂಡು ಹೊರಟ. ಅವನ ಕಾಲು ದೋಣಿಯ ಅಡಿಯಲ್ಲೇ ಇದ್ದವು. ನಡುಹೊಳೆಗೆ ಹೋಗಿ, ತಿರುಗಿ, ವಾಪಸು ಬಂದ. ದಂಡೆಯ ಮೇಲೆ ಕೂತು ಎರಡೂ ಪಾದ ಮುಂದೆ ಚಾಚಿದ. ನಾನು ಅವನ ಕಾಲ್ಬೆರಳು ಎಣಿಸಿದೆ. ಹತ್ತೂ ಇದ್ದವು. ಅಷ್ಟು ಹೆಮ್ಮೆ ನನಗೆ ನನ್ನ ಸ್ವಂತ ಅಣ್ಣ ಮೆಟ್ರಿಕ್ ಪಾಸಾದಾಗಲೂ ಆಗಿರಲಿಲ್ಲ.

ಗದಿಗೆವ್ವ ಮಾತ್ರ ತಲೆ ಅಲ್ಲಾಡಿಸಿದಳು.

"ಮನಷ್ಯಾ ಅಂಜಿ ಕಾಲು ಮ್ಯಾಲೆ ಎಳಕೋತಾನ. ಎಮ್ಮಿ ಎಳಕೊಳ್ಳೂದಿಲ್ಲ."

ಮನೆಗೆ ಹೋಗಿ ಚಂದ್ರಿಯ ಮಗಳನ್ನು ಹೊಡೆದುಕೊಂಡು ಬಂದಳು. ಮಡಿಲಲ್ಲಿ ಹಿಂಡಿ. ದೋಣಿ ಏರಿ, ಒಂದು ವರ್ಷದಿಂದ ಖಾಲಿ ಇದ್ದ ತನ್ನ ಹಿಂದಿನ ಜಾಗದಲ್ಲಿ ಕೂತಳು. ನಾನೂ ಜಿಗಿದು ಪಕ್ಕದಲ್ಲಿ ಕೂತೆ. ಮರ್ದಾನಸಾಬ ಒದ್ದೆ ಮೈಯಲ್ಲೇ ಇಂಜಿನ್ನಿನ ಹತ್ತಿರ ಬಂದ.

"ಇಕಿಗೆ ಏನರ ಆತಂದ್ರ ನಿನ್ನನ್ನೂ ಇದ ಹೊಳ್ಯಾಗ ನೂಕ್ತೇನಿ," ಅಂದಳು ಗದಿಗೆವ್ವ.

"ನೂಕು ಯವ್ವಾ," ಅಂದ.

ದೋಣಿ ಹೊರಟಿತು. ಎಮ್ಮೆ ನೀರಿಗೆ ಇಳಿದು ಹಿಂದೆ ಬಂತು. ನಡುಹೊಳೆಯಲ್ಲಿ ಗದಿಗೆವ್ವ ಹೇಳಿದಳು. "ಸಾವಕಾಶ ಮಾಡು. ಅವತ್ತಿನಂಗ."

ಅವನು ಸಾವಕಾಶ ಮಾಡಿದ. ಎಮ್ಮೆ ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಗದಿಗೆವ್ವ ಹಿಂಡಿಯ ಕೈ ಮುಂದೆ ಚಾಚಿದಳು. ನಾನು ಕಣ್ಣು ಮುಚ್ಚಿಕೊಂಡೆ. ದೋಣಿಗೆ ಧಡ್ ಎಂದು ಡಿಕ್ಕಿ ಆಯಿತು. ಎಮ್ಮೆಯ ಎದೆ ಹಿಂಬದಿಯ ತಗಡಿಗೆ ತಾಗಿತ್ತು. ಕಣ್ಣು ತೆರೆದಾಗ ಪೈಪಿನ ನೀರು ಅದರ ಬೆನ್ನ ಮೇಲೆ ಹಾಯ್ದು ಹೋಗುತ್ತಿತ್ತು. ಅದು ತಂಪಿಗೆ ಕಿವಿ ಬಡಿಯುತ್ತ, ಗದಿಗೆವ್ವನ ಅಂಗೈಯಲ್ಲಿನ ಹಿಂಡಿಯನ್ನು ಸಾವಕಾಶವಾಗಿ ತಿನ್ನುತ್ತಿತ್ತು. ಹಿಂದಿನ ನೀರು ಹಸಿರಾಗಿಯೇ ಇತ್ತು.

"ಹೂಂ," ಅಂದಳು ಗದಿಗೆವ್ವ.

ಅವಳು ಎಮ್ಮೆಗೆ ಅಂದಳೋ, ಮರ್ದಾನಸಾಬನಿಗೆ ಅಂದಳೋ, ನನಗೆ ಅದರ ಪರಿವೆ ಇರಲಿಲ್ಲ. "ಅಂದ್ರು! ಅಂದ್ರು!" ಎಂದು ದಂಡೆಗೆ ಕೇಳುವಂತೆ ಚೀರಿದೆ. ಮರ್ದಾನಸಾಬ ಇಂಜಿನ್ನಿನ ಮೇಲೆ ತಲೆ ಇಟ್ಟು ಕೂಸಿನಂತೆ ಅತ್ತ.

"ಅಳಬ್ಯಾಡ, ದೋಣಿ ನೋಡು. ಬಂಡಿಗಲ್ಲಿಗೆ ಬಡದೀತು," ಅಂದಳು ಗದಿಗೆವ್ವ. "ಒಮ್ಮಿ ಅಂದೇನಿ. ಮತ್ತ ಮತ್ತ ಅನ್ನಾಕಿ ಅಲ್ಲ ನಾ. ಆ ಕತ್ತಿ ಎಲ್ಲಿಟ್ಟೀ? ನನಗ ತಂದುಕೊಡು."

ಹಳೆಯ ಹಿತ್ತಾಳೆ ಪಂಖಾವನ್ನು ಅವನು ಗೋಣಿಚೀಲದಲ್ಲಿ ಸುತ್ತಿ ಮನೆಯ ಮೂಲೆಯಲ್ಲಿಟ್ಟಿದ್ದ. ಮರುದಿನ ತಂದುಕೊಟ್ಟ. ಅವಳು ಅದನ್ನು ಗಡ್ಡೆಯ ದಂಡೆಯಲ್ಲಿದ್ದ ಬೇವಿನ ಮರಕ್ಕೆ ಸರಪಳಿಯಿಂದ ತೂಗುಹಾಕಿದಳು. ಅವತ್ತಿನಿಂದ ಸಂಜೆ ಎಮ್ಮೆ ಹೊಡೆದುಕೊಂಡು ವಾಪಸು ಬರುವ ಹೊತ್ತಿಗೆ ದೋಣಿ ಕರೆಯಲು ಕಲ್ಲಿನಿಂದ ಅದನ್ನು ಬಾರಿಸುತ್ತಿದ್ದಳು. ಸದ್ದು ಹೊಳೆ ದಾಟಿ ಊರ ಚಾವಡಿಗೆ ಕೇಳುತ್ತಿತ್ತು. ಗಡ್ಡೆಯಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೂ ಅದನ್ನೇ ಬಾರಿಸುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಸದ್ದು ಕೇಳಿದರೆ ನಾನು ಚೀಲ ಎತ್ತಿಕೊಳ್ಳುತ್ತಿದ್ದೆ.

ಎಂಬತ್ನಾಲ್ಕರಲ್ಲಿ ಒಬ್ಬ ನೀರಾವರಿ ಇಂಜಿನಿಯರ್ ಸಾಹೇಬರು ಹೊಳೆ ನೋಡಲು ಬಂದು ಈ ದೋಣಿ ಕಂಡು ದಂಗಾದರು. ಬಗ್ಗಿ ಜಾಳಿಗೆ ನೋಡಿದರು, ಪೈಪು ನೋಡಿದರು, ಬಾಂಡ್ಲಿ ನೋಡಿ ನಕ್ಕರು. ಪರದೇಶದಲ್ಲಿ ಇಂಥ ದೋಣಿಗಳಿವೆ, ಅದಕ್ಕೆ ಜೆಟ್ ಬೋಟ್ ಅನ್ನುತ್ತಾರೆ, ಎಷ್ಟೋ ವರ್ಷ ಮೊದಲೇ ಅಲ್ಲಿನವರು ಕಂಡುಹಿಡಿದಿದ್ದಾರೆ ಎಂದು ತಿಳಿಸಿ ಹೇಳಿದರು. ನನಗೆ ನಮ್ಮವನು ಎರಡನೆಯವನಾದ ಎಂಬ ಸಿಟ್ಟು.

ಮರ್ದಾನಸಾಬನಿಗೆ ಏನೂ ಅನ್ನಿಸಲಿಲ್ಲ. ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತ ಕೇಳಿದ.

"ಹೌದೇನ್ರಿ ಸಾಹೇಬ್ರ? ಅವರ ದೇಶದಾಗೂ ಒಬ್ಬಾಕಿ ಗದಿಗೆವ್ವ ಇದ್ಲೇನ್ರಿ ಹಂಗಾರ?"

ಅಷ್ಟರಲ್ಲಿ ಎಮ್ಮೆ ವಾಪಸು ಬರುವ ಹೊತ್ತಾಗಿ ಗಡ್ಡೆಯ ಕಡೆಯಿಂದ ಹಿತ್ತಾಳೆಯ ಸದ್ದು ಬಂತು. ಬಿಡದೆ ಮೂರು ಸಲ ಬಂತು. ಅವನು ಸಾಹೇಬರಿಗೆ ಕೈಮುಗಿದು ದೋಣಿ ಬಿಟ್ಟುಕೊಂಡು ಹೋದ.